ತಂತಿ ಸುಮ್ಮನೆ ಹೊತ್ತಿದ್ದ ಹೊರೆ: ಲ್ಯಾಂಡ್‌ಲೈನ್ ಪ್ಯಾಕೆಟ್‌ಗೆ ದಾಟುವಾಗ

ಶಿರಸಿ ಸೀಮೆಯ ತೋಟದ ಮನೆಗಳ ಜಗಲಿ ಗೋಡೆಗೆ ಬಡಿದ ಫೋನಿನ ಪುಟ್ಟ ಡಬ್ಬಿ ಎಷ್ಟೋ ಕಡೆ ಇನ್ನೂ ಹಾಗೇ ಇದೆ. ಆಷಾಢದ ಗಾಳಿಗೆ ಎಲ್ಲೋ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿದ್ದರೂ ರಿಸೀವರ್ ಎತ್ತಿದರೆ ಗುಂಯ್ ಎನ್ನುತ್ತಿತ್ತು. (ಮರ ಫೋನ್ ತಂತಿಯ ಮೇಲೇ ಬಿದ್ದಿದ್ದರೆ ಬೇರೆ ಮಾತು. ಅದೇನೂ ಅಪರೂಪವಲ್ಲ.) ಆ ಗುಂಯ್‌ಗೆ ಬೇಕಾದ ವಿದ್ಯುತ್ತು ಬರುತ್ತಿದ್ದುದು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ, ಅದೇ ಜೋಡಿ ತಂತಿಯ ಮೇಲೆ. ಗಂಟೆ ಬಾರಿಸುವ 75 ವೋಲ್ಟ್, 25 ಹರ್ಟ್ಜ್ ಎಸಿ ಕೂಡ ಅದರ ಮೇಲೆಯೇ. ಕರೆ ಯಾವ ಮನೆಯದು ಎಂಬ ಗುರುತೂ ಆ ತಂತಿಯೇ: ಆಚೆ ತುದಿ ಎಂಡಿಎಫ್‌ನ (ಊರಿನ ಫೋನ್ ತಂತಿಗಳೆಲ್ಲ ಬಂದು ಸೇರುವ ಎಕ್ಸ್‌ಚೇಂಜಿನ ಚೌಕಟ್ಟು) ಯಾವ ಟ್ಯಾಗಿನಲ್ಲಿ ಕೂತಿದೆಯೋ ಅದೇ ವಿಳಾಸ.

ಲ್ಯಾಂಡ್‌ಲೈನನ್ನು ಕರೆಗೊಂದು ದಾರಿ ಕಾದಿಡುವ ಸರ್ಕ್ಯೂಟ್‌ನಿಂದ ಮಾತನ್ನು ತುಂಡು ಮಾಡಿ ಕಳಿಸುವ ಪ್ಯಾಕೆಟ್‌ಗೆ ದಾಟಿಸುವಾಗ ಮಾತು ಸಲೀಸಾಗಿ ದಾಟುತ್ತದೆ. ಕಾಡುವುದೆಲ್ಲ ತಂತಿ ಸುಮ್ಮನೆ ಹೊತ್ತುಕೊಂಡಿದ್ದ ಉಳಿದ ಹೊರೆ. ವಿದ್ಯುತ್ತು, ಗಡಿಯಾರ (ಎರಡೂ ತುದಿಯ ತಾಳ), ವಿಳಾಸ. ದೂರು ಬಂದಾಗ ಈ ಮೂರರಲ್ಲಿ ಯಾವುದು ಬೀದಿಗೆ ಬಿದ್ದಿದೆ ಎಂದು ಮೊದಲು ಹುಡುಕಿದರೆ ಅರ್ಧ ಕೆಲಸ ಮುಗಿದಂತೆ.

ಮಾತಿನ ಲೆಕ್ಕ ಬೇಗ ಮುಗಿಸೋಣ. ಸೆಕೆಂಡಿಗೆ 8000 ಮಾದರಿ, ಒಂದೊಂದಕ್ಕೆ 8 ಬಿಟ್, ಒಟ್ಟು 64 ಕಿಲೋಬಿಟ್. ಎಕ್ಸ್‌ಚೇಂಜುಗಳ ನಡುವಿನ ಇ1 ಕೊಂಡಿಯ 2.048 ಮೆಗಾಬಿಟ್‌ನಲ್ಲಿ ಇಂಥ 32 ಕಿಂಡಿ. ಒಂದು ತಾಳ ಹೊಂದಿಸಲು, ಸಾಮಾನ್ಯವಾಗಿ ಒಂದು ಸಿಗ್ನಲಿಂಗ್‌ಗೆ, ಉಳಿದ 30 ಮಾತಿಗೆ. ನೀವು ಮಾತಾಡಿ, ಬಾಯಿ ಮುಚ್ಚಿ ಕೂತಿರಿ, ಕರೆ ಮುಗಿಯುವ ತನಕ ಕಿಂಡಿ ನಿಮ್ಮದು. ಪ್ಯಾಕೆಟ್‌ನಲ್ಲಿ ಅದೇ 64 ಕಿಲೋಬಿಟ್ ಮಾತನ್ನು (ಈ ಕ್ರಮದ ಹೆಸರು ಜಿ.711) 20 ಮಿಲಿಸೆಕೆಂಡಿನ ತುಂಡು ಮಾಡಿದರೆ ತುಂಡಿಗೆ 160 ಬೈಟ್. ಅದರ ಮೇಲೆ ದಾರಿ ತೋರಿಸುವ ಹೊದಿಕೆಗಳು: ಆರ್‌ಟಿಪಿ 12, ಯುಡಿಪಿ 8, ಐಪಿ 20, ವಿಲ್ಯಾನ್ ಚೀಟಿ ಸೇರಿದ ಈಥರ್ನೆಟ್ ಹೊದಿಕೆ 22. ಒಟ್ಟು 222 ಬೈಟ್, ಸೆಕೆಂಡಿಗೆ 50 ಸಲ, ಅಂದರೆ 88.8 ಕಿಲೋಬಿಟ್. ಪ್ಯಾಕೆಟ್ ಮಾಡಿದರೆ ಜಾಗ ಉಳಿಯುತ್ತದೆ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು. 64 ಇದ್ದದ್ದು ಸುಮಾರು 89 ಆಯಿತು. ಮಾತನ್ನು ಹಿಂಡಿ ಚಿಕ್ಕದು ಮಾಡುವ ಜಿ.729ಕ್ಕೆ ಹೋದರೆ 32.8ಕ್ಕೆ ಇಳಿಯುತ್ತದೆ ನಿಜ, ಆದರೆ ಫ್ಯಾಕ್ಸು, ಅಲಾರಂ ಡಯಲರು (ಅಪಾಯವಾದರೆ ತಾನೇ ಫೋನ್ ಮಾಡುವ ಪೆಟ್ಟಿಗೆ), ಕೀಲಿ ಒತ್ತಿದ ಸದ್ದು ಎಲ್ಲ ಹಾಳು. 500 ಲೈನಿನ ಎಕ್ಸ್‌ಚೇಂಜಿನಲ್ಲಿ ದಟ್ಟಣೆಯ ಹೊತ್ತಿಗೆ ಹತ್ತರಲ್ಲೊಂದು ಲೈನ್ ಮಾತಿನಲ್ಲಿದೆ ಎಂದುಕೊಂಡರೂ 50 ಕರೆ, ಒಂದೊಂದು ದಿಕ್ಕಿಗೆ ನಾಲ್ಕೂವರೆ ಮೆಗಾಬಿಟ್. ಫೈಬರ್ ಇರುವಲ್ಲಿ ಇದು ಯಾವ ಲೆಕ್ಕ? ಜಿ.711ರ ಎ-ಲಾ ಬಗೆ ಇಟ್ಟು ಸುಮ್ಮನಿರಿ.

ಈಗ ಎಕ್ಸ್‌ಚೇಂಜಿನ ಕಡೆ. ನಮ್ಮ ಉತ್ತರ ಕನ್ನಡಕ್ಕೆ ನೆರೆಯ ಕಿತ್ತೂರಿನಲ್ಲಿ 1986ರಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಶುರುವಾಯಿತು. ಏಸಿ ಇಲ್ಲದೆ, ಧೂಳು ಸೆಕೆ ತಡೆದುಕೊಂಡು ನಡೆಯುವ ಪೆಟ್ಟಿಗೆ. ಆಮೇಲೆ 256 ಪೋರ್ಟಿನದು ಬಂದು ಹಳ್ಳಿ ಹಳ್ಳಿ ಹೊಕ್ಕಿತು. ಈ ಪೆಟ್ಟಿಗೆಗೆ ಒಂದು ಗುಣವಿತ್ತು. ಊರೊಳಗಿನ ಕರೆಯನ್ನು ಊರಲ್ಲೇ ಕೂಡಿಸುತ್ತಿತ್ತು. ಹೊರಗಿನ ಕೊಂಡಿ ಕಡಿದು ಹೋಗಿದ್ದರೂ ಕೆಳಗಿನ ಕೇರಿಯಿಂದ ಮೇಲಿನ ಕೇರಿಗೆ, ಸೊಸೈಟಿಗೆ, ಡಾಕ್ಟರ ಮನೆಗೆ ಫೋನ್ ಹೋಗುತ್ತಿತ್ತು.

ಪ್ಯಾಕೆಟ್ ವ್ಯವಸ್ಥೆಯಲ್ಲಿ ಊರಲ್ಲಿ ಉಳಿಯುವುದು ತಾಮ್ರದ ಮಾತನ್ನು ಪ್ಯಾಕೆಟ್ ಮಾಡುವ ಲೈನ್ ಗೇಟ್‌ವೇ ಮಾತ್ರ. ಯಾರನ್ನು ಯಾರಿಗೆ ಕೂಡಿಸಬೇಕು ಎಂದು ಹೇಳುವ ಸಾಫ್ಟ್‌ಸ್ವಿಚ್ ದೂರದ ಯಾವುದೋ ನಗರದಲ್ಲಿರುತ್ತದೆ. ಮಾತಿನ ಪ್ಯಾಕೆಟ್ ಊರೊಳಗೇ ತಿರುಗಿದರೂ ಅಪ್ಪಣೆ ಅಲ್ಲಿಂದ ಬರಬೇಕು. ಫೈಬರ್ ಕಡಿದರೆ ಪಕ್ಕದ ಮನೆಗೂ ಡಯಲ್ ಟೋನ್ ಇಲ್ಲ. ಗೇಟ್‌ವೇಯಲ್ಲಿ ‘ತಾನೇ ನಡೆಸಿಕೊಳ್ಳುವ’ ಸ್ಥಿತಿ ಇದ್ದರೆ ಊರೊಳಗಿನ ಕರೆ ಉಳಿಯುತ್ತದೆ, ಆದರೆ ಅದು ಎಷ್ಟೋ ಉಪಕರಣಗಳಲ್ಲಿ ಬೇರೆ ಲೈಸೆನ್ಸು. ಇದ್ದರೂ ಚಾಲೂ ಮಾಡಿ, ನಗರದತ್ತ ಹೋಗುವ ಅಪ್‌ಲಿಂಕ್ ಕೇಬಲ್ ಕೈಯಾರೆ ಕಿತ್ತು ನೋಡದ ಹೊರತು ಇದೆ ಎಂದು ನಂಬಬಾರದು. ಕೀಳುವ ಪರೀಕ್ಷೆ ಬೇಸಿಗೆಯಲ್ಲೇ ಮಾಡಿ.

ಈ ಜಿಲ್ಲೆಯಲ್ಲಿ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕರಾವಳಿಯಲ್ಲಿ ಹೆದ್ದಾರಿ, ರೈಲು, ವಿದ್ಯುತ್ ಕಂಬ, ಫೈಬರ್ ಎಲ್ಲವೂ ಗುಡ್ಡ ಮತ್ತು ಸಮುದ್ರದ ನಡುವಿನ ಇಕ್ಕಟ್ಟಿನಲ್ಲಿ ಸಾಗುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಮೂರು ವಾರ ಕಳೆದು ಆಗಸ್ಟ್ 7ರಂದು ಕಾರವಾರದ ಹಳೆ ಕಾಳಿ ಸೇತುವೆ ನದಿಗೆ ಬಿತ್ತು. ಕೇಬಲ್ ಹಾಕುವ ದಾರಿ ಆರಿಸುವಾಗ ಈ ಎರಡು ದಿನಾಂಕ ನಕ್ಷೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಕಾರವಾರಕ್ಕೆ ಒಂದು ದಾರಿ ಕರಾವಳಿಗುಂಟ ಬಂದರೆ ಇನ್ನೊಂದು ಅರಬೈಲ್ ಘಟ್ಟದಿಂದ ಯಲ್ಲಾಪುರದ ಕಡೆ ಏರಬೇಕು. ಕುಮಟೆಗೆ ಎರಡನೆಯದು ದೇವಿಮನೆ ಘಟ್ಟ ಹತ್ತಿ ಶಿರಸಿಗೆ. ಎರಡು ಕೇಬಲ್ ಒಂದೇ ಹೊಂಡದಲ್ಲಿ ಅಕ್ಕಪಕ್ಕ ಮಲಗಿದ್ದರೆ ಕಾಗದದ ಮೇಲೆ ರಿಂಗ್ (ಎರಡು ದಾರಿಯ ಸುತ್ತು), ಜೆಸಿಬಿ ಹಲ್ಲಿಗೆ ಒಂದೇ ತುತ್ತು.

ದಾಟಿಸುವ ರಾತ್ರಿಗಿಂತ ಅದರ ಹಿಂದಿನ ಎರಡು ವಾರವೇ ಮುಖ್ಯ. ಮೊದಲು ನಂಬರ್ ಮತ್ತು ಎಂಡಿಎಫ್ ಟ್ಯಾಗ್ ಪಟ್ಟಿ ತಾಳೆ ನೋಡಬೇಕು. ರಿಜಿಸ್ಟರಿನಲ್ಲಿ ಬರೆದದ್ದು ಒಂದು, ಜಂಪರ್ (ಟ್ಯಾಗಿನಿಂದ ಎಕ್ಸ್‌ಚೇಂಜಿಗೆ ಎಳೆದ ತುಂಡು ತಂತಿ) ಹೋಗಿರುವುದು ಇನ್ನೊಂದು ಎಂಬುದು ಹಳೆ ಎಂಡಿಎಫ್‌ಗಳಲ್ಲಿ ಮಾಮೂಲು. ಯಾವುದೋ ಮಳೆಗಾಲದಲ್ಲಿ ತಾತ್ಕಾಲಿಕವೆಂದು ಎಳೆದ ಜಂಪರ್ ಹತ್ತು ವರ್ಷ ಕೂತಿರುತ್ತದೆ. ಟೆಸ್ಟ್ ಫೋನ್ ಹಿಡಿದು ಒಂದೊಂದೇ ಟ್ಯಾಗಿನಿಂದ ನಂಬರ್ ಕೇಳಿಸುವ ಕೋಡಿಗೆ ಕರೆ ಮಾಡಿ, ಬಂದದ್ದನ್ನು ಬರೆದುಕೊಳ್ಳಬೇಕು. ಬೇಸರದ ಕೆಲಸ, ಅಡ್ಡದಾರಿಯಿಲ್ಲ.

ಆಮೇಲೆ ತಾಮ್ರದ ಆರೋಗ್ಯ. 0.5 ಮಿಲಿಮೀಟರ್ ತಂತಿಯ ಜೋಡಿಗೆ ಕಿಲೋಮೀಟರಿಗೆ ಸುಮಾರು 170 ಓಮ್, 0.4ರದಕ್ಕೆ 270ರ ಆಸುಪಾಸು. ಹೊಸ ಗೇಟ್‌ವೇ ಕಾರ್ಡಿನ ಲೂಪ್ ಮಿತಿ (ಎಷ್ಟು ಓಮ್ ತನಕ ಲೈನ್ ನಡೆಸುತ್ತದೆ) ಎಷ್ಟು ಎಂದು ನೋಡಿ, ದೂರದ ಲೈನುಗಳನ್ನು ಮೊದಲೇ ಗುರುತು ಮಾಡಿ. ಇನ್ಸುಲೇಷನ್ ಅಳೆಯುವುದು ಮಳೆ ಬಿದ್ದ ಮರುದಿನ. ಮಾರ್ಚಿನಲ್ಲಿ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಜಾಯಿಂಟಿಗೆ ನೀರಿಳಿದು ಎರಡು ತಂತಿಗಳ ನಡುವೆ ಸೋರಿಕೆ ಶುರುವಾದರೆ ಕಾರ್ಡಿಗೆ ಯಾರೋ ರಿಸೀವರ್ ಎತ್ತಿಟ್ಟಂತೆ ಕಾಣುತ್ತದೆ. ಸ್ವಲ್ಪ ಹೊತ್ತು ಕಾದು ಲೈನನ್ನು ಪಕ್ಕಕ್ಕಿಡುತ್ತದೆ. ಹಳೇ ಎಕ್ಸ್‌ಚೇಂಜ್ ಗೊರಗೊರ ಎನ್ನುತ್ತಲೇ ನಡೆಸಿಕೊಂಡು ಹೋಗುತ್ತಿದ್ದ ಲೈನ್ ಹೊಸದರಲ್ಲಿ ಸತ್ತಂತಾಗುವುದು ಹೀಗೆ. ಬೈಗುಳ ಗೇಟ್‌ವೇಗೆ, ತಪ್ಪು ಜಾಯಿಂಟಿನದು.

ಹೊಸ ಗೇಟ್‌ವೇಯಿಂದ ಅದೇ ಟ್ಯಾಗಿಗೆ ಸಮಾನಾಂತರ ಜಂಪರ್ ಎಳೆದು, ಹೊಸ ಕಡೆಗೆ ಸಂಪರ್ಕ ಬಿಡಿಸುವ ಪಿನ್ ಹಾಕಿಡುತ್ತಾರೆ. ದಾಟುವ ರಾತ್ರಿ ಒಂದು ಎರಡು ಗಂಟೆಯ ಹೊತ್ತಿಗೆ ಹಳೇ ಕಡೆ ಪಿನ್ ತುರುಕಿ, ಹೊಸ ಕಡೆಯದನ್ನು ಎಳೆದು, ಸಾಲಿನಿಂದ ಸಾಲಿಗೆ ಹೋಗುವುದು. ಒಂದು ಜೋಡಿಗೆ ಎರಡೂ ಕಡೆಯ ಬ್ಯಾಟರಿ ಒಟ್ಟಿಗೆ ತಾಗಬಾರದು. ಆದ್ದರಿಂದ ಮೊದಲು ತುರುಕು, ಆಮೇಲೆ ಎಳೆ.

ಪರೀಕ್ಷಾ ಕರೆಗಳಲ್ಲಿ ಜನ ಮರೆಯುವುದು ಚಿಕ್ಕ ನಂಬರುಗಳನ್ನು. ಹಿಂದೆ ಕಾರವಾರದಲ್ಲಿ 101 ಒತ್ತಿದರೆ ಕಾರವಾರದ ಎಕ್ಸ್‌ಚೇಂಜೇ ಅದನ್ನು ಅಲ್ಲಿನ ಅಗ್ನಿಶಾಮಕ ಠಾಣೆಗೆ ತಿರುಗಿಸುತ್ತಿತ್ತು. ಒಂದೇ ಸಾಫ್ಟ್‌ಸ್ವಿಚ್‌ನ ಕೆಳಗೆ ಹಲವು ಜಿಲ್ಲೆ ಇರುತ್ತವೆ. ಕರೆ ಮಾಡಿದವರ ನಂಬರ್ ನೋಡಿ ತಿರುಗಿಸುವ ಕೋಷ್ಟಕ ತುಂಬದಿದ್ದರೆ ಕಾರವಾರದ ಬೈತಖೋಲದ ಬೆಂಕಿಗೆ ಇನ್ನಾವುದೋ ಊರಿನ ಠಾಣೆಯಲ್ಲಿ ಗಂಟೆ ಬಾರಿಸೀತು. 100, 101, 108, 112, ವಿದ್ಯುತ್ ದೂರಿನ 1912 ಇಷ್ಟನ್ನೂ ಪ್ರತಿ ಎಸ್‌ಟಿಡಿ ಕೋಡಿನಿಂದ, ಅಂದರೆ ಕಾರವಾರದ 08382, ಶಿರಸಿಯ 08384, ಕುಮಟೆಯ 08386ರಿಂದ ಬೇರೆ ಬೇರೆಯಾಗಿ, ಆಯಾ ಕಂಟ್ರೋಲ್ ರೂಮಿಗೆ ಮುಂಚೆ ತಿಳಿಸಿ ಮಾಡಿ ನೋಡಬೇಕು.

ಡಯಲ್ ಮಾಡಿ ನಾಲ್ಕೈದು ಸೆಕೆಂಡ್ ಏನೂ ಸದ್ದಿಲ್ಲ ಎಂಬ ದೂರಿನ ಮೂಲ ಅಂಕಿ ನಕ್ಷೆ. ಹಳೇ ಎಕ್ಸ್‌ಚೇಂಜಿಗೆ ಎಷ್ಟು ಅಂಕಿಗೆ ನಂಬರ್ ಮುಗಿಯಿತೆಂದು ಗೊತ್ತಿತ್ತು. ಈಗ ಅದನ್ನು ಗೇಟ್‌ವೇಗೋ ಮನೆಯ ಓಎನ್‌ಟಿಗೋ (ಮನೆಗೆ ಬಂದ ಫೈಬರಿನ ತುದಿಯ ಪೆಟ್ಟಿಗೆ) ಹೇಳಿಕೊಡಬೇಕು. 2ರಿಂದ ಶುರುವಾದರೆ ಆರು ಅಂಕಿ, ಸ್ಥಳೀಯ. ಸೊನ್ನೆಯಿಂದ ಶುರುವಾಗಿ ಎರಡನೆಯದು ಸೊನ್ನೆಯಲ್ಲದಿದ್ದರೆ ಒಟ್ಟು ಹನ್ನೊಂದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೂ ಸೊನ್ನೆ ಕಡ್ಡಾಯವಾದ್ದರಿಂದ ಮೊಬೈಲೂ ಇದೇ ನಿಯಮಕ್ಕೆ ಬಂತು, ನಕ್ಷೆ ಬರೆಯುವವರಿಗೆ ಉಪಕಾರವೇ. 10, 11ರಿಂದ ಶುರುವಾದ 100, 101, 108, 112 ಮೂರಕ್ಕೆ ಮುಗಿದು ಕೂಡಲೇ ಹೋಗಬೇಕು, 1912 ನಾಲ್ಕಕ್ಕೆ. 1800 ಮತ್ತು ಎರಡು ಸೊನ್ನೆಯ ವಿದೇಶಿ ಕರೆಗಳ ಉದ್ದ ಒಂದೇ ಸಮನಿಲ್ಲ, ಅವಕ್ಕೆ ಮಾತ್ರ ಸಮಯಮಿತಿ ಬಿಡಿ. ಹಾಗೆಯೇ ದೇಶ ಯಾವುದೆಂದು ಭಾರತವನ್ನೇ ಆರಿಸಿ. ನಮ್ಮ ಡಯಲ್ ಟೋನ್ 400 ಹರ್ಟ್ಜ್, 25ರಿಂದ ನಡುಗಿಸಿದ್ದು. ಬೇರೆ ದೇಶದ ಟೋನ್ ಬಂದರೆ ಮನುಷ್ಯರು ಹೊಂದಿಕೊಳ್ಳುತ್ತಾರೆ, ಕಚೇರಿಯ ಹಳೆ ಇಪಿಎಬಿಎಕ್ಸ್ (ಒಳಫೋನುಗಳ ಪುಟ್ಟ ಎಕ್ಸ್‌ಚೇಂಜ್) ಹೊಂದಿಕೊಳ್ಳುವುದಿಲ್ಲ. ಆಚೆಯವರು ಫೋನ್ ಇಟ್ಟದ್ದನ್ನು ಅದು ಬಿಜಿ ಟೋನ್ ಕೇಳಿಯೇ ತಿಳಿಯುವುದು. ಟೋನ್ ಗುರುತು ಸಿಗದೆ ಅದರ ಹೊರಲೈನ್ ಸಿಕ್ಕಿಕೊಂಡರೆ ಸಂಜೆ ತನಕ ಲೈನ್ ಬಿಜಿ.

ಪ್ರತಿಧ್ವನಿಯ ದೂರು ಎಲ್ಲ ಊರಲ್ಲೂ ಬರುತ್ತದೆ. ಎರಡು ತಂತಿಯಿಂದ ನಾಲ್ಕು ತಂತಿಗೆ ತಿರುಗುವ ಹೈಬ್ರಿಡ್‌ನಲ್ಲಿ ಮಾತಿನ ಸ್ವಲ್ಪ ಭಾಗ ವಾಪಸಾಗುವುದು ಹೊಸದೇನಲ್ಲ. ಸ್ಥಳೀಯ ಕರೆಯಲ್ಲಿ ಅದು ಒಂದೆರಡು ಮಿಲಿಸೆಕೆಂಡಿಗೇ ಬರುತ್ತಿದ್ದರಿಂದ ನಮ್ಮದೇ ದನಿಯೊಳಗೆ ಕರಗುತ್ತಿತ್ತು. ಪ್ಯಾಕೆಟ್‌ನಲ್ಲಿ ತುಂಡು ತುಂಬಲು 20 ಮಿಲಿಸೆಕೆಂಡ್, ತುಂಡುಗಳ ಅಂತರ ಸಮ ಮಾಡಲು ಕಾಯಿಸುವ ಜಿಟರ್ ಬಫರಿನಲ್ಲಿ 20ರಿಂದ 60, ದಾರಿಯಲ್ಲಿ 10–20. ಹೋಗಿ ಬರುವಷ್ಟರಲ್ಲಿ 100ರಿಂದ 200. ಅದು ಬಾವಿಯೊಳಗೆ ಕೂಗಿದಂತೆ ಕೇಳಿಸುತ್ತದೆ. ನೆನಪಿಡಬೇಕಾದ್ದು: ನಿಮ್ಮ ಮಾತು ನಿಮಗೇ ಮರಳಿ ಕೇಳಿಸಿದರೆ ದೋಷ ಇರುವುದು ಆಚೆ ತುದಿಯಲ್ಲಿ. ದೂರು ಕೊಟ್ಟವರ ಮನೆಗೆ ಹೋಗಿ ಫೋನ್ ಬದಲಿಸಿ ಬಂದರೆ ಪೆಟ್ರೋಲ್ ದಂಡ. ಆಚೆ ತುದಿಯ ಎಕೋ ಕ್ಯಾನ್ಸಲರ್ (ಪ್ರತಿಧ್ವನಿ ಅಳಿಸುವ ಸೌಲಭ್ಯ) ಚಾಲೂ ಇದೆಯೇ, ಲೈನಿನ ಇಂಪೀಡೆನ್ಸ್ ಸರಿ ಆರಿಸಿದೆಯೇ, ಒಂದೇ ಜೋಡಿಗೆ ಮೂರು ನಾಲ್ಕು ಫೋನ್ ತಗುಲಿಸಿದ್ದಾರೆಯೇ ನೋಡಿ. ಧ್ವನಿ ಸಣ್ಣದಾಯಿತೆಂದು ಯಾರಾದರೂ ಗೇನ್ ಏರಿಸಿದ್ದರೆ 3 ಡೆಸಿಬೆಲ್ ಇಳಿಸಿ. ಅರ್ಧಕ್ಕರ್ಧ ಅಲ್ಲಿಗೇ ನಿಲ್ಲುತ್ತದೆ.

ಗಡಿಯಾರದ ಹೊರೆ ಫ್ಯಾಕ್ಸ್ ಇಟ್ಟವರಿಗೆ ಮಾತ್ರ ಗೊತ್ತಾಗುತ್ತದೆ. ಸರ್ಕ್ಯೂಟ್ ಜಾಲದಲ್ಲಿ ಎಲ್ಲ ಎಕ್ಸ್‌ಚೇಂಜೂ ಮೇಲಿನ ಒಂದು ನಿಖರ ಗಡಿಯಾರಕ್ಕೆ ತಾಳ ಹಾಕುತ್ತಿತ್ತು. ಓಎನ್‌ಟಿ ಅಥವಾ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಅಡಾಪ್ಟರ್ ತನ್ನ ಅಗ್ಗದ ಸ್ಫಟಿಕವನ್ನೇ ನಂಬಿಕೊಂಡಿದ್ದರೆ, ಎರಡು ತುದಿಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ 400 ಸೆಕೆಂಡಿಗೊಮ್ಮೆ, ಅಂದರೆ ಆರೇಳು ನಿಮಿಷಕ್ಕೆ, 20 ಮಿಲಿಸೆಕೆಂಡಿನ ಒಂದು ತುಂಡು ಹೆಚ್ಚೋ ಕಡಿಮೆಯೋ ಆಗುತ್ತದೆ. ಮಾತಿನಲ್ಲಿ ಕಿವಿಗೆ ಬೀಳದು. ಎಂಟು ಪುಟದ ಫ್ಯಾಕ್ಸ್ ಆರನೇ ಪುಟದಲ್ಲಿ ಕಡಿಯುತ್ತದೆ. ಪ್ಯಾಕೆಟ್ ಮೇಲೆ ಫ್ಯಾಕ್ಸ್ ಕಳಿಸಲೆಂದೇ ಇರುವ ಟಿ.38 ಎರಡೂ ಕಡೆ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಜಿ.711ರಲ್ಲೇ ಬಿಟ್ಟು, ಮೌನ ಕತ್ತರಿಸುವ ಸೌಲಭ್ಯ ಬಂದ್ ಮಾಡಿ, ಜಿಟರ್ ಬಫರನ್ನು ಸ್ಥಿರ ಅಳತೆಗೆ ಕಟ್ಟಿ, ಯಂತ್ರದ ವೇಗ 9600ಕ್ಕೆ ಇಳಿಸಿ. ಬ್ಯಾಂಕಿನ ಅಲಾರಂ ಡಯಲರಿಗೂ ಲಿಫ್ಟಿನ ಫೋನಿಗೂ ಇದೇ ಎಚ್ಚರಿಕೆ. ಅವುಗಳ ಪಟ್ಟಿ ಮೊದಲೇ ಮಾಡಿಕೊಳ್ಳಿ, ಯಾಕೆಂದರೆ ಅವು ಕೆಟ್ಟದ್ದು ಬೇಕಾದ ದಿನವೇ ತಿಳಿಯುತ್ತದೆ.

ಇನ್ನು ಫೈಬರ್ ಮನೆಯ ತನಕ ಬಂದ ಸ್ಥಿತಿ. ಎಕ್ಸ್‌ಚೇಂಜಿನ ಓಎಲ್‌ಟಿಯಿಂದ (ಫೈಬರಿಗೆ ಬೆಳಕು ಬಿಡುವ ಪೆಟ್ಟಿಗೆ) +3 ಡಿಬಿಎಂ ಬೆಳಕು ಹೊರಟರೆ 32ಕ್ಕೆ ಒಡೆಯುವ ಸ್ಪ್ಲಿಟರ್ ಸುಮಾರು 17 ಡೆಸಿಬೆಲ್ ತಿನ್ನುತ್ತದೆ, ಆರು ಕಿಲೋಮೀಟರ್ ಫೈಬರ್ ಎರಡು, ಕನೆಕ್ಟರ್ ಮತ್ತು ಸ್ಪ್ಲೈಸ್ ಇನ್ನೆರಡು. ಮನೆಯಲ್ಲಿ ಮೀಟರ್ -18ರ ಆಸುಪಾಸು ತೋರಿಸಬೇಕು. ಬಿ-ಪ್ಲಸ್ ದರ್ಜೆಯ ಓಎನ್‌ಟಿ -27ರ ತನಕ ಹಿಡಿಯುತ್ತದೆ ಎಂದು -25ಕ್ಕೆ ಸಮಾಧಾನಪಟ್ಟು ಬಂದರೆ ಅದು ಬೇಸಿಗೆಯ ಸಮಾಧಾನ. ಹಸಿರು ಕನೆಕ್ಟರಿಗೆ ನೀಲಿಯದನ್ನು ಜೋಡಿಸಿದರೆ ಮೂರು ನಾಲ್ಕು ಡೆಸಿಬೆಲ್ ಅಲ್ಲೇ ಹೋಗುತ್ತದೆ. ಡ್ರಾಪ್ ಕೇಬಲನ್ನು ಅಡಿಕೆ ಮರಕ್ಕೆ ಕಟ್ಟಬೇಡಿ. ಗಾಳಿಗೆ ಮರ ತೂಗುತ್ತದೆ, ಸೋಗೆ ಜಾರಿ ಕೇಬಲ್ ಮೇಲೇ ಬೀಳುತ್ತದೆ, ಮದ್ದು ಹೊಡೆಯುವಾಗ ದೋಟಿ ಸಿಕ್ಕಿಕೊಳ್ಳುತ್ತದೆ. ತೋಟದ ಅಂಚಿನಲ್ಲಿ ಬೇರೆ ಕಂಬ ಹುಗಿದು, ಮನೆ ಹೊಗುವ ಮುಂಚೆ ಕೇಬಲನ್ನು ಒಂದು ಗೇಣು ಕೆಳಗಿಳಿಸಿ ಮೇಲೆತ್ತಿ, ಆಗ ನೀರು ತುದಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಕೇಬಲ್ ಜತೆಯ ಉಕ್ಕಿನ ಆಧಾರ ತಂತಿಯನ್ನು ಸೂರಿನ ಹೊರಗೇ ಸೀಳಿ ಕೊಕ್ಕೆಗೆ ಬಿಗಿಯಿರಿ, ಒಳಗೆ ತರಬೇಡಿ. ಗಾಜಿನಲ್ಲಿ ಸಿಡಿಲು ಬರದು, ಉಕ್ಕಿನಲ್ಲಿ ಬರುತ್ತದೆ.

ವಿದ್ಯುತ್ತು ಈಗ ಮನೆಯವರ ಪಾಲಿಗೆ. ಓಎನ್‌ಟಿ 12 ವೋಲ್ಟ್‌ನದು, ವೈಫೈ ಸೇರಿ ಸುಮಾರು 8 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ರೂಟರಿಗೆಂದು ಮಾರುವ ಚಿಕ್ಕ ಲಿಥಿಯಂ ಯುಪಿಎಸ್, 2200 ಮಿಲಿಆಂಪ್ ಅವರ್‌ನ ಮೂರು ಸೆಲ್ಲಿನದು, 24 ವ್ಯಾಟ್ ಅವರ್. ಎರಡೂವರೆ ಗಂಟೆ ಬಂದೀತು. ಪೇಟೆಗೆ ಸಾಕು, ಸಿದ್ದಾಪುರ ಜೋಯಿಡಾದ ಒಳ ಹಳ್ಳಿಗೆ ಏನೇನೂ ಸಾಲದು. 12 ವೋಲ್ಟ್ 7 ಆಂಪ್ ಅವರ್ ಸೀಲ್ಡ್ ಬ್ಯಾಟರಿಯಲ್ಲಿ 84 ವ್ಯಾಟ್ ಅವರ್ ಬರೆದಿರುತ್ತದೆ, ಬಳಸಲು ಸಿಗುವುದು 50ರ ಹತ್ತಿರ, ಆರು ಗಂಟೆ. ವೈಫೈ ಬಂದ್ ಮಾಡಿದರೆ ಹತ್ತು. ಬ್ಯಾಟರಿಯನ್ನು ನೇರ ಓಎನ್‌ಟಿಗೆ ಕೊಡುವ ಕೈಚಳಕ ಬೇಡ. ಚಾರ್ಜ್ ಆಗುವಾಗ ಅದು 13.8 ವೋಲ್ಟ್‌ಗೆ ಏರುತ್ತದೆ, ನಡುವೆ 12ಕ್ಕೆ ಕಟ್ಟುವ ರೆಗ್ಯುಲೇಟರ್ ಇರಲಿ. ಇನ್ವರ್ಟರ್ ಇರುವ ಮನೆಯಲ್ಲೂ ಫೋನ್ ಸಾಯುವುದಕ್ಕೆ ಕಾರಣ ಬಹಳ ಸಲ ಇಷ್ಟೇ: ಓಎನ್‌ಟಿ ಕೂತಿರುವುದು ಟಿವಿಯ ಸಾಕೆಟ್ಟಿನಲ್ಲಿ, ಟಿವಿಗೆ ಇನ್ವರ್ಟರ್ ಲೈನ್ ಕೊಟ್ಟಿಲ್ಲ.

ಇಂಟರ್ನೆಟ್ ಮೇಲೆ ಸ್ವಂತ ಅಡಾಪ್ಟರ್ ಇಟ್ಟು ಫೋನ್ ನಡೆಸುವವರಿಗೆ ಒಂದೇ ಮಾತು. ಒಂದು ಕಡೆಯ ಮಾತಷ್ಟೇ ಕೇಳಿಸಿದರೆ ರೂಟರಿನಲ್ಲಿ ಸಿಪ್ ಎಎಲ್‌ಜಿ ಎಂಬ ಆಯ್ಕೆ ಹುಡುಕಿ ಬಂದ್ ಮಾಡಿ. ಮೊದಲು ಸರಿಯಿದ್ದು ಸ್ವಲ್ಪ ಹೊತ್ತಿಗೆ ಒಳಬರುವ ಕರೆ ನಿಂತರೆ ಕೀಪ್‌ಅಲೈವ್ (ಅಡಾಪ್ಟರ್ ಆಗಾಗ ಕಳಿಸುವ ‘ಇದ್ದೇನೆ’ ಸಂದೇಶ) ಅಂತರವನ್ನು 30 ಸೆಕೆಂಡಿಗೆ ಇಳಿಸಿ.

ಕೊನೆಯದು ಆ ಜಗಲಿಯ ಡಬ್ಬಿ. ಓಎನ್‌ಟಿಯ ಫೋನ್ ಪೋರ್ಟನ್ನು ಮನೆಯ ಹಳೇ ವೈರಿಂಗಿಗೆ ಕೊಟ್ಟರೆ ಒಳಕೋಣೆಯ ಫೋನೂ ನಡೆಯುತ್ತದೆ, ಒಳ್ಳೆಯ ಉಪಾಯವೇ. ಆ ಪೋರ್ಟ್ ಮನೆಯೊಳಗಿನ ದೂರಕ್ಕೆ ಮಾಡಿದ್ದು. ಐಟಿಐನ ಹಳೆ ಕಪ್ಪು ಫೋನ್ ಇಟ್ಟರೆ ಗಂಟೆ ಕ್ಷೀಣವಾದೀತು, ತಿರುಗಿಸುವ ಡಯಲಿನ ಪಲ್ಸ್ ಎಷ್ಟೋ ಓಎನ್‌ಟಿಗಳಿಗೆ ತಿಳಿಯುವುದೇ ಇಲ್ಲ. ಆದರೆ ಜೋಡಿಸುವ ಮುಂಚೆ ಹೊರಗಿನಿಂದ ಬಂದ ಡ್ರಾಪ್ ವೈರನ್ನು ಡಬ್ಬಿಯಲ್ಲೇ ಬಿಚ್ಚಿ, ಎರಡು ತುದಿಗೂ ಬೇರೆ ಬೇರೆ ಟೇಪ್ ಸುತ್ತಿ. ಹಳೇ ಎಕ್ಸ್‌ಚೇಂಜನ್ನು ದಾಟಿದ ಮೇಲೂ ಕೆಲವು ದಿನ ಚಾಲೂ ಇಟ್ಟಿರುತ್ತಾರೆ, ಜಂಪರ್ ಯಾರೂ ಕಿತ್ತಿರುವುದಿಲ್ಲ. ಮೀಟರ್ ಹಿಡಿದರೆ ಆ ತಂತಿಯಲ್ಲಿ ಇನ್ನೂ 48 ವೋಲ್ಟ್ ಕಾಣುತ್ತದೆ. ಎಂಡಿಎಫ್‌ನಲ್ಲಿ ಯಾರೋ ತಪ್ಪು ಟ್ಯಾಗಿಗೆ ಗಂಟೆ ಬಾರಿಸಿದರೆ 75 ವೋಲ್ಟ್ ನೇರವಾಗಿ ಓಎನ್‌ಟಿಯ ಹೊಟ್ಟೆಗೆ.